ಭಾರ ಎತ್ತುವುದು, ಹಾರ್ಮೋನು ಮತ್ತು ಒಂದು ಗೋಣಿಚೀಲ

ಏಳು ವರ್ಷಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಕುಳಿತು ಬೆರಳು ಚುಚ್ಚಿಕೊಂಡೆ. ಗ್ಲುಕೋಮೀಟರ್ 138 ತೋರಿಸಿತು. ಮುಕ್ಕಾಲು ಗಂಟೆ ಮರಳಿನ ಚೀಲ ಎತ್ತಿ ಇಳಿಸಿ, ಬೆವರು ಒರೆಸಿಕೊಂಡು ಮತ್ತೆ ಚುಚ್ಚಿದೆ. 169. ಇಳಿಯಬೇಕಾದದ್ದು ಏರಿತ್ತು. ಎದೆ ಧಸಕ್ಕೆಂದಿತು.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಆಗ ಮೂರು ತಿಂಗಳಾಗಿತ್ತು. ಕೊಡಗಿನ ಗೋಣಿಕೊಪ್ಪಲು, ಪೊನ್ನಂಪೇಟೆ ಸುತ್ತಿನ ಶಾಲೆಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕಿಯಾಗಿ ಮಕ್ಕಳಿಗೆ ಹಾಕಿ ಕಲಿಸಿದವಳು ನಾನು. ಓಡಿಸುವುದು ಗೊತ್ತಿತ್ತು, ಸೀಟಿ ಊದುವುದು ಗೊತ್ತಿತ್ತು. ನನ್ನದೇ ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ಆವರೆಗೆ ಸರಿಯಾಗಿ ಓದಿರಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಮೊದಲು ನೋಡಿದಾಗ 111. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 107. ಅದರ ಹಿಂದಿನ ವಾರವಿಡೀ ಬೆಳಗಿನ ಲೆಕ್ಕ 125ರ ಕೆಳಗೆ ಬಂದಿರಲಿಲ್ಲ.

169, 111, 107 ಎಂಬ ಆ ಮೂರು ಅಂಕಿಗಳ ಹಿಂದೆ ಬೇರೆ ಬೇರೆ ಹಾರ್ಮೋನುಗಳ ಕೆಲಸವಿತ್ತು. ಅವನ್ನು ಅರ್ಥ ಮಾಡಿಕೊಂಡ ಮೇಲೆ ನಾನು ಭಾರ ಎತ್ತುವ ರೀತಿಯೇ ಬದಲಾಯಿತು. ಈಗ ಅದೇ ಶೆಡ್ಡಿಗೆ ವಾರಕ್ಕೆ ಮೂರು ದಿನ ಅಕ್ಕಪಕ್ಕದ ಹನ್ನೊಂದು ಮಂದಿ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೂಗು ಮತ್ತು ಓಗೊಡುವುದು

ಹಾರ್ಮೋನ್ ಎಂಬ ಪದವನ್ನು 1905ರಲ್ಲಿ ಲಂಡನ್ನಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದರು. ‘ಎಬ್ಬಿಸು’, ‘ಚುರುಕುಗೊಳಿಸು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದು ಬಂದಿದೆ. ಒಂದು ಗ್ರಂಥಿ ರಕ್ತಕ್ಕೆ ಬಿಡುವ ಸಂದೇಶ ದೂರದ ಇನ್ನೊಂದು ಅಂಗವನ್ನು ತಲುಪಿ ಅಲ್ಲಿ ಕೆಲಸ ಎಬ್ಬಿಸುತ್ತದೆ.

ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ತೋಟದ ನಡುವೆ ಒಂದು ಮನೆಯಿದ್ದರೆ ಗದ್ದೆಯಾಚೆ ಇನ್ನೊಂದು. ಮೊಬೈಲ್ ಇಲ್ಲದ ಕಾಲದಲ್ಲಿ ಗದ್ದೆಯ ಈ ಬದಿಯಿಂದ ಅಮ್ಮ ಕೂಗಿದರೆ ಆ ಬದಿಯಿಂದ ದೊಡ್ಡಮ್ಮ ಓಗೊಡುತ್ತಿದ್ದರು. ಹಾರ್ಮೋನು ಅಂಥ ಕೂಗು. ಆಚೆ ಮನೆಯವರು ಬಾಗಿಲು ಹಾಕಿಕೊಂಡಿದ್ದರೆ ಎಷ್ಟು ಜೋರಾಗಿ ಕೂಗಿಯೂ ಪ್ರಯೋಜನವಿಲ್ಲ. ಜೀವಕೋಶದ ಮೇಲೆ ಅಥವಾ ಒಳಗೆ ಆ ಕೂಗನ್ನು ಹಿಡಿಯುವ ಕಿವಿಗಳಿರುತ್ತವೆ. ವಿಜ್ಞಾನದ ಪುಸ್ತಕಗಳಲ್ಲಿ ಅವನ್ನು ಗ್ರಾಹಕಗಳು ಎನ್ನುತ್ತಾರೆ. ರಕ್ತದ ಸಕ್ಕರೆಯನ್ನು ಕೋಶದೊಳಕ್ಕೆ ಕಳಿಸುವ ಹಾರ್ಮೋನು ಇನ್ಸುಲಿನ್. ನನ್ನಂಥ ಎರಡನೇ ಬಗೆಯ ಮಧುಮೇಹಿಗಳಲ್ಲಿ ಮೊದಮೊದಲು ಅದು ಕಡಿಮೆ ಇರುವುದಿಲ್ಲ, ಎಷ್ಟೋ ಸಲ ಹೆಚ್ಚೇ ಇರುತ್ತದೆ. ಸ್ನಾಯುಗಳು ಅದಕ್ಕೆ ಓಗೊಡುವುದನ್ನು ಕಡಿಮೆ ಮಾಡಿರುತ್ತವೆ. ಅದನ್ನು ಬಿಡುವ ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ ಕೂಗಿ ಕೂಗಿ ಕೊನೆಗೆ ದಣಿಯುತ್ತದೆ.

ಭಾರ ಎತ್ತಿದರೆ ಹಾರ್ಮೋನು ಹೆಚ್ಚುತ್ತದೆ ಎಂದು ಕೇಳಿ ಬರುವವರೇ ಹೆಚ್ಚು. ಹೆಚ್ಚುವುದು ನಿಜ, ಆದರೆ ಅದು ಸ್ವಲ್ಪ ಹೊತ್ತಿನ ಮಾತು. ಭಾರ ಎತ್ತುವುದರ ದೊಡ್ಡ ಲಾಭ ಕೂಗಿನಲ್ಲಿಲ್ಲ, ಕೇಳುವ ಕಿವಿಯಲ್ಲಿದೆ.

169 ಎಲ್ಲಿಂದ ಬಂತು

ಭಾರವಾದ ಚೀಲಕ್ಕೆ ಕೈ ಹಾಕುವ ಮೊದಲೇ, ಅದನ್ನು ಎತ್ತಲಿದ್ದೇನೆ ಎಂದು ಮನಸ್ಸು ಮಾಡಿದ ಕ್ಷಣವೇ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡತೊಡಗುತ್ತವೆ. ಎದೆ ಬಡಿತ ಏರುತ್ತದೆ. ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಬಳಸುವುದಕ್ಕಿಂತ ಹೆಚ್ಚು ಸಕ್ಕರೆ ಆ ಹೊತ್ತಿಗೆ ರಕ್ತಕ್ಕೆ ಬಂದರೆ ಮೀಟರು ಮೇಲಕ್ಕೆ ಹೋಗುತ್ತದೆ. ಕಷ್ಟಪಟ್ಟು ಎತ್ತಿದ ಕೂಡಲೇ ಬೆರಳು ಚುಚ್ಚಿ ಹೆದರಿ, ವ್ಯಾಯಾಮವನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಒಂದೆರಡು ಗಂಟೆ ಬಿಟ್ಟು ನೋಡಿ, ಮರುದಿನ ಬೆಳಿಗ್ಗೆ ನೋಡಿ. ಆ ಅಂಕಿಗಳನ್ನು ನಂಬಿ.

111 ಮತ್ತು 107ರ ಕಥೆ ಬೇರೆ. ಸ್ನಾಯುಕೋಶದ ಒಳಗೆ ಗ್ಲುಟ್-4 ಎಂಬ ಪ್ರೋಟೀನುಗಳಿವೆ. ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳು ಇವೇ. ಸಾಮಾನ್ಯವಾಗಿ ಇನ್ಸುಲಿನ್ ಕೂಗಿದಾಗ ಇವು ಒಳಗಿಂದ ಕೋಶದ ಹೊರಮೈಗೆ ಬರುತ್ತವೆ. ಸ್ನಾಯು ಬಲವಾಗಿ ಬಿಗಿದಾಗ ಇನ್ಸುಲಿನ್ನಿನ ಕೂಗಿಗೆ ಕಾಯದೆಯೂ ಬರುತ್ತವೆ. ಅಷ್ಟೇ ಅಲ್ಲ, ವ್ಯಾಯಾಮ ಮುಗಿದ ಮೇಲೂ ಒಂದು ದಿನ, ಕೆಲವೊಮ್ಮೆ ಎರಡು ದಿನಗಳವರೆಗೆ ಆ ಸ್ನಾಯು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ಊಟದ ನಂತರ ಇನ್ಸುಲಿನ್ ಅಟ್ಟುವ ಸಕ್ಕರೆಯ ಬಹುಪಾಲು ಸೇರುವುದು ಮೈಯ ಸ್ನಾಯುಗಳಿಗೇ. ಹಾಗಾಗಿ ಎಷ್ಟು ಸ್ನಾಯು ಕೆಲಸ ಮಾಡಿತೋ ಅಷ್ಟು ಬಾಗಿಲು ತೆರೆಯಿತು ಎಂದು ತಿಳಿಯಿರಿ. ತೊಡೆ, ಸೊಂಟ, ಬೆನ್ನು ಬಿಟ್ಟು ಬರೀ ತೋಳು ಬಗ್ಗಿಸುತ್ತ ಕೂರುವವರು ಮನೆಯ ದೊಡ್ಡ ಬಾಗಿಲುಗಳನ್ನೆಲ್ಲ ಮುಚ್ಚಿಟ್ಟು ಕಿಟಕಿಯೊಂದನ್ನು ತೆರೆದಂತೆ.

ಎರಡು ದಿನದಲ್ಲಿ ಈ ಪರಿಣಾಮ ಮಾಸುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಶೆಡ್ಡಿನಲ್ಲಿ ಮಂಗಳವಾರ, ಗುರುವಾರ, ಶನಿವಾರ ಎಂದು ಇಟ್ಟುಕೊಂಡಿದ್ದೇವೆ. ವಾರಕ್ಕೆ ಎರಡು ದಿನ ಮಾತ್ರ ಸಾಧ್ಯವಾದರೂ ಚಿಂತೆಯಿಲ್ಲ. ಭಾನುವಾರ ಒಂದೇ ದಿನ ಮೂರು ಗಂಟೆ ಎತ್ತಿ ವಾರವಿಡೀ ಸುಮ್ಮನಿರುವುದು ಬೇಡ.

ಇಂಜೆಕ್ಷನ್ ಕೇಳಿ ಬಂದ ಹುಡುಗ

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಇಪ್ಪತ್ತಮೂರು ವರ್ಷ, ಹಾಕಿಯಲ್ಲಿ ಒಳ್ಳೆಯ ಫುಲ್ ಬ್ಯಾಕ್. ಯಾವುದೋ ಜಿಮ್ಮಿನಲ್ಲಿ ಅವನಿಗೆ ಚಿಕ್ಕ ಬಾಟಲಿಯೊಂದನ್ನು ಮಾರಿದ್ದರು. “ಟೀಚರ್, ಟೆಸ್ಟೋಸ್ಟಿರಾನ್ ಕಡಿಮೆ ಇದ್ದರೆ ಮೈ ಕಟ್ಟುವುದಿಲ್ಲವಂತೆ. ಇದನ್ನು ತೆಗೆದುಕೊಳ್ಳಬಹುದೇ?” ಎಂದು ಬಾಟಲಿಯನ್ನು ನನ್ನ ಅಂಗೈಯಲ್ಲಿಟ್ಟ. ಲೇಬಲ್ಲಿನ ಅಂಚು ಬೆವರಿಗೆ ಸುಲಿದು ಬಂದಿತ್ತು. ಎಷ್ಟು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನೋ.

ಅವನನ್ನು ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ತೊಡೆ, ಬೆನ್ನಿನಂಥ ದೊಡ್ಡ ಸ್ನಾಯುಗಳಿಗೆ ಭಾರ ಕೊಟ್ಟು ಹಲವು ಸುತ್ತು ಮಾಡಿದಾಗ ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಏರುತ್ತದೆ. ಸುಮಾರು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೆಂಗಸರಲ್ಲಿ ಅದರ ಏರಿಳಿತ ತೀರಾ ಕಡಿಮೆ. ಬೆಳವಣಿಗೆ ಹಾರ್ಮೋನು ಇಬ್ಬರಲ್ಲೂ ಏರುತ್ತದೆ, ಅದರಲ್ಲೂ ವಿಶ್ರಾಂತಿ ಕಡಿಮೆ ಮಾಡಿ ಸ್ನಾಯು ಉರಿಯುವಂತೆ ಎತ್ತಿದಾಗ. ಅದೂ ಬೇಗ ಇಳಿಯುತ್ತದೆ. ಈ ಕ್ಷಣಿಕ ಏರಿಕೆಯೇ ಸ್ನಾಯು ಬೆಳೆಸುತ್ತದೆಂದು ಬಹಳ ಕಾಲ ನಂಬಿದ್ದರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಹನ್ನೆರಡು ಯುವಕರು, 15 ವಾರ. ಒಂದು ದಿನ ಒಂದು ತೋಳಿಗೆ ಮಾತ್ರ ವ್ಯಾಯಾಮ. ಇನ್ನೊಂದು ದಿನ ಮತ್ತೊಂದು ತೋಳಿಗೆ ವ್ಯಾಯಾಮ ಮತ್ತು ಅದರ ಬೆನ್ನಿಗೇ ಕಾಲಿನ ಭಾರೀ ವ್ಯಾಯಾಮ. ಕಾಲಿನ ವ್ಯಾಯಾಮದ ದಿನ ರಕ್ತದಲ್ಲಿ ಈ ಹಾರ್ಮೋನುಗಳು ಚೆನ್ನಾಗಿ ಏರಿದವು. ಕೊನೆಯಲ್ಲಿ ಅಳೆದಾಗ ಎರಡೂ ತೋಳುಗಳು ಒಂದೇ ರೀತಿ ಬೆಳೆದಿದ್ದವು.

ಸ್ನಾಯುವನ್ನು ಬೆಳೆಸುವುದು ಮುಖ್ಯವಾಗಿ ಆ ಸ್ನಾಯುವಿನ ಮೇಲೆಯೇ ಬೀಳುವ ಎಳೆತ. ಹಾಗೆಂದು ಹೊರಗಿನಿಂದ ಚುಚ್ಚಿಕೊಳ್ಳುವ ಟೆಸ್ಟೋಸ್ಟಿರಾನ್ ಕೆಲಸ ಮಾಡುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಮಾಡುತ್ತದೆ. ಮೈಯಲ್ಲಿ ಸಹಜವಾಗಿ ಇರುವುದರ ಎಷ್ಟೋ ಪಟ್ಟು ಸುರಿದಾಗ ಸ್ನಾಯು ಉಬ್ಬುತ್ತದೆ. ಆದರೆ ಹೊರಗಿನಿಂದ ಇಷ್ಟು ಬರುತ್ತಿದೆ ಎಂದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ತಿಳಿದ ಕೂಡಲೇ ಅದು ವೃಷಣಗಳಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಅವನು ಆಟಗಾರ ಬೇರೆ. ಆಟಗಾರರು ಉದ್ದೀಪನ ಮದ್ದು ತೆಗೆದುಕೊಂಡಿದ್ದಾರೆಯೇ ಎಂದು ನೋಡುವ ರಾಷ್ಟ್ರೀಯ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ನಿಷೇಧ. ಇಪ್ಪತ್ತಮೂರರ ಹುಡುಗನಿಗೆ ಆ ನಾಲ್ಕು ವರ್ಷ ಎಂದರೆ ಆಟವೇ ಹೋಯಿತು.

ಬಾಟಲಿ ನನ್ನ ಬಳಿಯೇ ಉಳಿಯಿತು. ಹುಡುಗ ಗುರುವಾರದಿಂದ ಚೀಲಕ್ಕೆ ಬಂದ.

ಎತ್ತುವ ಬಗೆ

ನನ್ನ ಮೊದಲ ಚೀಲಕ್ಕೆ ಖರ್ಚಾದದ್ದು ಏನೂ ಇಲ್ಲ. ಹರಿದ ಕಾಫಿ ಗೋಣಿಯ ಒಳ್ಳೆಯ ಅರ್ಧವನ್ನು ಕತ್ತರಿಸಿ, ಜರಡಿ ಹಿಡಿದ ಮರಳು ತುಂಬಿ, ದಬ್ಬಳದಿಂದ ಬಾಯಿ ಹೊಲಿದೆ. ಪೂರ್ತಿ ತುಂಬಬಾರದು, ಮೂರರಲ್ಲಿ ಎರಡು ಭಾಗ ಸಾಕು, ಹಿಡಿಯಲು ಬಟ್ಟೆ ಸಿಗಬೇಕು. ಕಾಫಿ ತೂಗುವ ತಕ್ಕಡಿಯಲ್ಲಿ ನನ್ನದು 12 ಕಿಲೋ ಬಂತು. ಈಗ ಶೆಡ್ಡಿನಲ್ಲಿ 6ರಿಂದ 40 ಕಿಲೋವರೆಗಿನ ಒಂಬತ್ತು ಚೀಲಗಳಿವೆ.

ಮುಖ್ಯ ಚಲನೆ ನೆಲದಿಂದ ಸೊಂಟಕ್ಕೆ ಎತ್ತುವುದು. ಚೀಲವನ್ನು ಎರಡು ಪಾದಗಳ ನಡುವೆ ಇಟ್ಟುಕೊಳ್ಳಿ, ಮುಂದೆ ಅಲ್ಲ. ಹಿಂದೆ ಕುರ್ಚಿ ಇದೆಯೋ ಎಂದು ತಡಕುವವರಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ, ಆಮೇಲೆ ಮಂಡಿ ಬಗ್ಗಿಸಿ. ಬೆನ್ನು ಹಲಗೆಯಂತಿರಲಿ. ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಪಾದದಿಂದ ನೆಲವನ್ನು ಒತ್ತುತ್ತ, ಉಸಿರು ಬಿಡುತ್ತ ಮೇಲೇಳಿ. ಚೀಲ ತೊಡೆಗೆ ಉಜ್ಜುತ್ತ ಬರಬೇಕು. ಮೈಯಿಂದ ಒಂದು ಗೇಣು ದೂರ ಹೋಯಿತೆಂದರೆ ಆ ಭಾರವೆಲ್ಲ ಕೆಳಬೆನ್ನಿಗೆ ಬಿತ್ತು. ಕೆಳಗಿಡುವಾಗ ಎತ್ತಿದ್ದರ ಎರಡು ಪಟ್ಟು ಹೊತ್ತು ತೆಗೆದುಕೊಳ್ಳಿ. ಧೊಪ್ಪನೆ ಬಿಡುವವರು ಅರ್ಧ ಕೆಲಸವನ್ನು ಕಳೆದುಕೊಳ್ಳುತ್ತಾರೆ, ಏಕೆಂದರೆ ಸ್ನಾಯು ಬಿಗಿದುಕೊಂಡೇ ಉದ್ದವಾಗುವಾಗ ಅದರ ಮೇಲೆ ಒಳ್ಳೆಯ ಎಳೆತ ಬೀಳುತ್ತದೆ.

ಇದರ ಜೊತೆಗೆ ಚೀಲವನ್ನು ಎದೆಗಪ್ಪಿಕೊಂಡು ಬಸ್ಕಿ, ಗೋಡೆಗೋ ಜಗಲಿಯ ಕಟ್ಟೆಗೋ ಕೈಕೊಟ್ಟು ದಂಡ, ಬಾಗಿ ನಿಂತು ಚೀಲವನ್ನು ಹೊಟ್ಟೆಯ ಕಡೆಗೆ ಎಳೆಯುವುದು, ಕೊನೆಗೆ ಎರಡು ಕೈಗೂ ನೀರು ತುಂಬಿದ ಬಕೆಟ್ ಹಿಡಿದು ಕಣದ ಉದ್ದಕ್ಕೂ ನಡೆಯುವುದು. ಇಷ್ಟಾದರೆ ಇಡೀ ಮೈಗೆ ಆಯಿತು.

ಪ್ರತಿ ಚಲನೆ 8ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಸಲ ಮುಖ ಕಿವುಚುವಷ್ಟು ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. 12 ಸಲ ಮಾತಾಡುತ್ತ ಎತ್ತಿದಿರೆಂದರೆ ಮುಂದಿನ ವಾರ ಒಂದೆರಡು ಕಿಲೋ ಮರಳು ಸೇರಿಸಿ. ತಿಂಗಳುಗಟ್ಟಲೆ ಅದೇ ಚೀಲ ಎತ್ತುವುದು ಸ್ನಾಯುವಿಗೆ ಹಳೆಯ ಸುದ್ದಿ.

ಸುತ್ತುಗಳ ನಡುವೆ ಎರಡು ನಿಮಿಷ, ಭಾರ ಹೆಚ್ಚಿದ್ದರೆ ಮೂರು ನಿಮಿಷ ಕುಳಿತುಕೊಳ್ಳಿ. ಬೆಳವಣಿಗೆ ಹಾರ್ಮೋನಿನ ಹೆಸರು ಹೇಳಿ ಅರ್ಧ ನಿಮಿಷವೂ ಬಿಡುವು ಕೊಡದೆ ಎತ್ತಿಸುವ ತರಬೇತುದಾರರಿದ್ದಾರೆ. ಆ ಹಾರ್ಮೋನು ಏರುತ್ತದೆ. ಜೊತೆಗೆ ಮುಂದಿನ ಸುತ್ತಿಗೆ ಕೈ ಸೋತು ಭಾರ ಇಳಿಸಬೇಕಾಗುತ್ತದೆ. ನಮಗೆ ಬೇಕಾದದ್ದು ಭಾರ.

ತೋಟದಲ್ಲಿ ದುಡಿಯುವವರಿಗೆ ಇದು ಬೇಕೇ ಎಂದು ಕೇಳುತ್ತಾರೆ. ಕಾಫಿ ಕುಯ್ಲಿನ ದಿನಗಳಲ್ಲಿ 50 ಕಿಲೋ ಚೀಲಗಳನ್ನು ಲೋಡ್ ಮಾಡುವವರಿಗೆ ಅವತ್ತು ಬೇಡವೇ ಬೇಡ, ಅವರಿಗೆ ಬೇಕಾದದ್ದು ಊಟ ಮತ್ತು ನಿದ್ದೆ. ದಿನವಿಡೀ ನಿಂತು ಕಾಫಿ ಕುಯ್ಯುವ ಹೆಂಗಸರ ವಿಷಯ ಹಾಗಲ್ಲ. ಬೆರಳು, ಹೆಗಲು ಸೋಲುತ್ತವೆ, ತೊಡೆಗೆ ಭಾರವೇ ಬೀಳುವುದಿಲ್ಲ. ಅವರಿಗೆ ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ ಚೀಲ ಕೊಟ್ಟರೆ ನಿಜಕ್ಕೂ ಉಪಕಾರ.

ಮುಟ್ಟು ನಿಂತವರಿಗೆ

ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ. ಮೂಳೆಯನ್ನು ಕರಗಿಸುವ ಕೋಶಗಳಿಗೆ ಈಸ್ಟ್ರೋಜನ್ ಹಾಕಿದ್ದ ಕಡಿವಾಣ ಸಡಿಲವಾಗುತ್ತದೆ. ಸ್ನಾಯುವೂ ಬೇಗ ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಭಾರ ಎತ್ತಿದರೆ ಈಸ್ಟ್ರೋಜನ್ ಮರಳಿ ಬರುವುದಿಲ್ಲ. ಆದರೆ ಮೂಳೆಯ ಮೇಲೆ ಬೀಳುವ ಒತ್ತಡವೇ ಮೂಳೆಗೆ ಇನ್ನೊಂದು ಕೂಗು. ಆಸ್ಟ್ರೇಲಿಯದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಹೆಂಗಸರಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ತರಬೇತುದಾರರ ಎದುರಿನಲ್ಲೇ ಭಾರೀ ತೂಕ ಎತ್ತಿಸಿದರು. 2018ರಲ್ಲಿ ಬಂದ ಆ ವರದಿಯ ಪ್ರಕಾರ ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತ್ತು. ವಯಸ್ಸಾದವರಿಗೆ ಭಾರ ಬೇಡ, ನಡೆದರೆ ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಅತ್ತೆಗೆ ಎಪ್ಪತ್ತೆಂಟು. ಅವರು ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಿದರು. ಮೊದಲ ದಿನ ಮೂರು ಸಲ ಎದ್ದರು. ಈಗ 6 ಕಿಲೋ ಚೀಲವನ್ನು ಮಗುವಿನಂತೆ ಅಪ್ಪಿಕೊಂಡು ಹತ್ತು ಸಲ ಏಳುತ್ತಾರೆ, ಎದ್ದಾಗಲೆಲ್ಲ ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಅವರ ತಟ್ಟೆಯದೇ ದೊಡ್ಡ ತೊಡಕಾಗಿತ್ತು: ರಾತ್ರಿ ಎರಡು ನೂಪುಟ್ಟು (ಅಕ್ಕಿ ಶಾವಿಗೆ), ಕಾಯಿಹಾಲು, ಅಷ್ಟೇ. ಸ್ನಾಯು ಕಟ್ಟಲು ಪ್ರೋಟೀನು ಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಹೇಳಿರುವ ಅಳತೆ. ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಹಂದಿ ಮಾಂಸ, ಮೀನು, ಮೊಸರು, ಹೆಸರುಕಾಳು ಯಾವುದಾದರೂ ಸರಿ, ಮೂರು ಹೊತ್ತಿಗೂ ಹಂಚಿ ತಿನ್ನಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಕತ್ತಲಾದ ಮೇಲಿನ ಕೆಲಸ

ಬೆಳವಣಿಗೆ ಹಾರ್ಮೋನಿನ ದಿನದ ಅತಿ ದೊಡ್ಡ ಅಲೆ ಬರುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಟೆಸ್ಟೋಸ್ಟಿರಾನಿಗೂ ನಿದ್ದೆ ಬೇಕು: 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿ ಐದೇ ಗಂಟೆ ಮಲಗಲು ಬಿಟ್ಟಾಗ ಹಗಲಿನ ಮಟ್ಟ ಶೇ 10ರಿಂದ 15ರಷ್ಟು ಕುಸಿಯಿತು. ಬಾಟಲಿ ತಂದ ಹುಡುಗ ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುತ್ತಿದ್ದ. ಅವನಿಗೆ ನಾನು ಮೊದಲು ಕೊಟ್ಟ ವ್ಯಾಯಾಮ ಹತ್ತೂವರೆಗೆ ಮಲಗುವುದು.

ಕಾರ್ಟಿಸಾಲ್ ಎಂಬ ಹಾರ್ಮೋನಿಗೆ ವಿನಾಕಾರಣ ಕೆಟ್ಟ ಹೆಸರು ಬಂದಿದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯ ಸುಮಾರಿಗೆ ಅದು ಏರಿ ನಮ್ಮನ್ನು ಕೆಲಸಕ್ಕೆ ಹಚ್ಚುತ್ತದೆ, ರಾತ್ರಿ ಇಳಿಯುತ್ತದೆ. ಭಾರ ಎತ್ತುವಾಗಲೂ ಏರಿ ಶಕ್ತಿ ಒದಗಿಸಿ ಇಳಿಯುತ್ತದೆ. ನಿದ್ದೆಗೆಟ್ಟು, ಬಿಡುವಿಲ್ಲದೆ ದಿನವೂ ಮೈ ದಂಡಿಸಿದರೆ ಮಾತ್ರ ತೊಂದರೆ. ಎರಡು ವಾರ ಎತ್ತುವ ಭಾರ ಏರದೆ ಇಳಿಯುತ್ತಿದ್ದರೆ, ನಿದ್ದೆ ಹರಿದು ಹೋಗುತ್ತಿದ್ದರೆ, ಒಂದು ವಾರ ಅರ್ಧ ಭಾರಕ್ಕೆ ಇಳಿಯಿರಿ.

ಇನ್ನು ಕಾಫಿ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಕುಡಿದದ್ದರ ಅರ್ಧ ಮೈಯಿಂದ ಹೋಗಲು ಐದು ಗಂಟೆಯಷ್ಟು ಬೇಕು. ಎತ್ತುವ ಮುಂಚೆ ಒಂದು ಲೋಟ ಚೈತನ್ಯ ಕೊಡುತ್ತದೆ, ಖಂಡಿತ ಕುಡಿಯಿರಿ. ಸಂಜೆ ಐದರ ಕಾಫಿಯನ್ನು ನಾನು ಎರಡು ಗಂಟೆಗೆ ತಂದಿಟ್ಟೆ. ಮದುವೆ, ನಾಮಕರಣಗಳಲ್ಲಿ ಕುಡಿಯುವ ಗಂಡಸರಿಗೂ ಒಂದು ಮಾತು: ಎತ್ತಿದ ದಿನ ರಾತ್ರಿ ಹೆಚ್ಚು ಮದ್ಯ ಹೋದರೆ ಸ್ನಾಯು ಕಟ್ಟುವ ಕೆಲಸ ಕುಂಠಿತವಾಗುತ್ತದೆ, ಗಾಢ ನಿದ್ದೆಯೂ ಕೆಡುತ್ತದೆ.

ಎಚ್ಚರ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಎತ್ತುವ ಮೊದಲು ಬೆರಳು ಚುಚ್ಚಿ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಶುರು ಮಾಡಿ. ತೆರೆದ ಬಾಗಿಲುಗಳು ರಾತ್ರಿಯೂ ತೆರೆದೇ ಇರುವುದರಿಂದ ಸಕ್ಕರೆ ನಿದ್ದೆಯಲ್ಲಿ ಕುಸಿಯಬಹುದು. ನಮ್ಮಲ್ಲಿ ಒಬ್ಬರಿಗೆ ವೈದ್ಯರು ಎರಡು ತಿಂಗಳಲ್ಲಿ ಮಾತ್ರೆಯ ಪ್ರಮಾಣ ಇಳಿಸಬೇಕಾಯಿತು, ಅದನ್ನು ನೀವೇ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ತೊಂದರೆಯಾಗಿದ್ದರೆ ಕಣ್ಣಿನ ವೈದ್ಯರು ಒಪ್ಪುವವರೆಗೆ ಭಾರ ಮುಟ್ಟಬೇಡಿ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ. ಅತ್ತೆ ಗಟ್ಟಿಯಾಗಿ ಎಣಿಸುವುದು ಅದಕ್ಕೇ, ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ.

ಮಳೆಗಾಲದ ಬಗ್ಗೆ ಹೇಳಲೇಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಹೊರಗೆ ಕಾಲಿಡಲಾಗದೆ ನಡಿಗೆ ನಿಂತು, ಇಲ್ಲಿ ಎಷ್ಟೋ ಮಂದಿಯ ಸಕ್ಕರೆ ಏರುವುದೇ ಆಗ. ಜಗಲಿಯಲ್ಲಿ ಚೀಲವೊಂದಿದ್ದರೆ ಮಳೆಯ ಹಂಗಿಲ್ಲ. ಮೊದಲ ವರ್ಷ ಜುಲೈ ಕೊನೆಯಲ್ಲಿ ನನ್ನ 12 ಕಿಲೋ ಚೀಲ ಏಕೋ ಏಳಲೊಲ್ಲದು ಎನಿಸಿ, ಶಕ್ತಿಯೇ ಕುಂದಿತೆಂದು ಎರಡು ದಿನ ಕೊರಗಿದೆ. ಮೂರನೇ ದಿನ ತಕ್ಕಡಿಗೆ ಹಾಕಿದರೆ ಹದಿಮೂರೂವರೆ. ಶೆಡ್ಡಿನ ನೆಲದ ತೇವವನ್ನೂ ಇರಚಲನ್ನೂ ಮರಳು ಹೀರಿಕೊಂಡಿತ್ತು. ನೀವು ಚೀಲ ಮಾಡುವಾಗ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದನ್ನು ತೊಳೆದು ಒಣಗಿಸಿ, ಮರಳನ್ನು ಮೊದಲು ಅದಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿ, ಆಮೇಲೆ ಗೋಣಿಗೆ ಇಳಿಸಿ. ಜೂನ್ ಬಂದ ಕೂಡಲೇ ನೆಲದ ಮೇಲಿಂದ ಎತ್ತಿ ಹಲಗೆಯ ಮೇಲಿಡಿ, ಹದಿನೈದು ದಿನಕ್ಕೊಮ್ಮೆ ತೂಗಿ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ.